ನಿಮ್ಮ ಹೊಲಕ್ಕೆ ಈ ವರ್ಷ ಎಷ್ಟು ಗಾಡಿ ವಾಪಸ್ ಬಂತು?

ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಮಧ್ಯೆ ಗೆರೆ ಎಳೆಯಿರಿ. ಎಡಗಡೆ, ಹೋದ ವರ್ಷ ನಿಮ್ಮ ಹೊಲದಿಂದ ಹೊರಗೆ ಹೋದದ್ದೆಲ್ಲ ಬರೆಯಿರಿ. ರಾಗಿ ಎಷ್ಟು ಮೂಟೆ, ಹುಲ್ಲು ಎಷ್ಟು ಗಾಡಿ, ಅವರೆಕಾಯಿ, ಹುರುಳಿ ಹೊಟ್ಟು, ಬದುವಿನ ಮೇಲೆ ಕಡಿದ ಸೌದೆ, ಒಂದನ್ನೂ ಬಿಡಬೇಡಿ. ಬಲಗಡೆ ಒಳಗೆ ಬಂದದ್ದು. ಎಷ್ಟು ಗಾಡಿ ಗೊಬ್ಬರ, ಎಷ್ಟು ಹೊರೆ ಸೊಪ್ಪು, ಎಷ್ಟು ಚೀಲ ಯೂರಿಯಾ.

ನಮ್ಮದು ನಾಗಮಂಗಲದ ಕಡೆ ಮೂರು ಎಕರೆ ಕೆಂಪು ಬೆದ್ದಲು, ಅಂದರೆ ಮಳೆ ನಂಬಿದ ಹೊಲ. ಹದವಾಗಿ ಮಳೆ ಬಂದರೆ ರಾಗಿ, ಕೈಕೊಟ್ಟರೆ ಹುರುಳಿ. ನಾನು ಮೊದಲ ಸಲ ಈ ಹಾಳೆ ಬರೆದಾಗ ಎಡಗಡೆ ಜಾಗ ಸಾಲಲಿಲ್ಲ. ಬಲಗಡೆ ಎರಡು ಚೀಲ ಯೂರಿಯಾ, ಒಂದು ಚೀಲ ಡಿಎಪಿ, ಅಷ್ಟೇ. ಗೊಬ್ಬರದ ಗಾಡಿ ಒಂದೂ ಇಲ್ಲ. ಅಪ್ಪನ ಕಾಲದಲ್ಲಿ ಯುಗಾದಿಗೆ ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆ ಮಾಡಿದ ಮೇಲೆ ತಿಪ್ಪೆ ಖಾಲಿಯಾಗುವ ತನಕ ಗಾಡಿ ಓಡುತ್ತಲೇ ಇರುತ್ತಿತ್ತು. ನಾವು ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ತಂದ ಮೇಲೆ ಉಳುಮೆ ಬೇಗ ಆಯಿತು, ತಿಪ್ಪೆ ಮಾತ್ರ ಬರಿದಾಯಿತು. ಹುಲ್ಲನ್ನು ಬೇರೆ ಊರಿನ ಹಾಲಿನವರಿಗೆ ಮಾರುತ್ತಿದ್ದೆವು. ಅವರ ಹಸು ಹಾಕುವ ಸಗಣಿ ಅವರ ಹೊಲಕ್ಕೆ ಹೋಗುತ್ತದೆ, ನಮ್ಮ ಹೊಲಕ್ಕಲ್ಲ. ಅಂದರೆ ನಾವು ಮಾರಿದ್ದು ಹುಲ್ಲನ್ನಷ್ಟೇ ಅಲ್ಲ, ಗಿಡಕ್ಕೆ ಬೇಕಾದ ಪೊಟ್ಯಾಷ್ ಅನ್ನುವ ಹೊಲದ ಸತ್ವವನ್ನೂ. ರಾಗಿ, ಭತ್ತ, ಜೋಳ ಯಾವುದೇ ಇರಲಿ, ಬೆಳೆ ಹೀರಿದ ಪೊಟ್ಯಾಷಿನಲ್ಲಿ ಹೆಚ್ಚಿನ ಪಾಲು ಕಾಳಿನಲ್ಲಿ ಇರುವುದಿಲ್ಲ, ಹುಲ್ಲಿನಲ್ಲಿ ಇರುತ್ತದೆ.

ಈ ಹಾಳೆಯನ್ನು ಎತ್ತಿಡಿ. ಮುಂದೆ ಹೇಳುವುದೆಲ್ಲ ಅದರ ಬಲಗಡೆಯನ್ನು ತುಂಬಿಸುವ ಕೆಲಸವೇ.

ನಮ್ಮ ಕಡೆ ಮಣ್ಣು ಇಷ್ಟು ಬೇಗ ಯಾಕೆ ಸೊರಗುತ್ತದೆ

ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಮೈಸೂರಿನ ಕಡೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಲೆಕ್ಕ ನೋಡಿದರೆ ತೀರಾ ಕಮ್ಮಿ ಅನ್ನಿಸುವುದಿಲ್ಲ, ಆದರೆ ಅದು ಬರುವ ರೀತಿ ನಿಮಗೆ ಗೊತ್ತೇ ಇದೆ. ಮೂರು ವಾರ ಒಂದು ಹನಿ ಇಲ್ಲ, ಆಮೇಲೆ ಒಂದೇ ಸಂಜೆ ಎರಡು ಇಂಚು ಹೊಡೆದು, ಉತ್ತು ಬಿಟ್ಟ ಹೊಲದ ಮೇಲ್ಮಣ್ಣನ್ನು ಕೆಂಪು ನೀರಿನ ಜೊತೆ ಹಳ್ಳಕ್ಕೆ ಇಳಿಸಿಬಿಡುತ್ತದೆ. ಗಿಡಕ್ಕೆ ಬೇಕಾದ ಸತ್ವದಲ್ಲಿ ಹೆಚ್ಚಿನದು ಇರುವುದು ಆ ಮೇಲಿನ ನಾಲ್ಕಾರು ಇಂಚಿನಲ್ಲೇ.

ಇನ್ನೊಂದು ಬಿಸಿಲು. ಮಣ್ಣಿನಲ್ಲಿ ಕೊಳೆತ ಎಲೆ, ಬೇರು, ಸಗಣಿ ಎಲ್ಲ ಸೇರಿ ಆಗುವುದನ್ನು ಸಾವಯವ ಇಂಗಾಲ ಅಂತ ಅಳೆಯುತ್ತಾರೆ. ಬೆಚ್ಚಗಿನ ಮಣ್ಣಿನಲ್ಲಿ ಜೀವಾಣುಗಳು ಅದನ್ನು ಬೇಗ ತಿಂದು ಮುಗಿಸುತ್ತವೆ. ಮಲೆನಾಡಿನಲ್ಲಾದರೆ ಅಷ್ಟೇ ಬೇಗ ಮತ್ತೆ ಸೊಪ್ಪು ಉದುರುತ್ತದೆ. ನಮ್ಮಲ್ಲಿ ಉದುರುವುದಕ್ಕೆ ಏನಿದೆ? ಕೊಯ್ಲಾದ ಮೇಲೆ ಕೂಳೆಯನ್ನೂ ದನ ಮೇಯ್ದು ಹೋಗುತ್ತದೆ. ಅದರ ಮೇಲೆ ನಾವು ಬೇಸಿಗೆಯಲ್ಲಿ ಎರಡು ಮೂರು ಸಲ ಉಳುಮೆ ಮಾಡಿ ಮಣ್ಣಿಗೆ ಗಾಳಿ ಆಡಿಸಿದರೆ, ಉಳಿದದ್ದೂ ಬೇಗ ಕರಗುತ್ತದೆ.

ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ಜೇಡಿ ಕಮ್ಮಿ. ಹಾಕಿದ ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಕಮ್ಮಿ. ಆ ಕೆಲಸವನ್ನು ಇಂಗಾಲವೇ ಮಾಡಬೇಕು. ಅದಿಲ್ಲದ ಹೊಲಕ್ಕೆ ಯೂರಿಯಾ ಎರಚಿದರೆ ಒಂದಿಷ್ಟು ಗಾಳಿಗೆ ಹೋಗುತ್ತದೆ, ಒಂದಿಷ್ಟು ಮಳೆಯ ಜೊತೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ಗಿಡ ಎರಡು ವಾರ ಕಡುಹಸಿರಾಗಿ ಕಾಣುತ್ತದೆ, ಆಮೇಲೆ ಮತ್ತೆ ಹಳದಿ. ಆಗ ನಾವು ಇನ್ನೊಂದು ಚೀಲ ತರುತ್ತೇವೆ, ಅಲ್ವಾ?

ಬೆಂಗಳೂರಿನ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಮಳೆಯಾಶ್ರಿತ ರಾಗಿಯ ಮೇಲೆ 1978ರಿಂದ ಒಂದು ದೀರ್ಘಕಾಲದ ಪ್ರಯೋಗ ನಡೆಯುತ್ತಾ ಬಂದಿದೆ. ಬರೀ ರಾಸಾಯನಿಕ ಗೊಬ್ಬರ ಕಂಡ ತಾಕಿನಲ್ಲಿ ಇಳುವರಿ ವರ್ಷ ಕಳೆದಂತೆ ಇಳಿಯುತ್ತಾ ಹೋಯಿತು. ಕೊಟ್ಟಿಗೆ ಗೊಬ್ಬರದ ಜೊತೆಗೆ ರಾಸಾಯನಿಕವೂ ಬಿದ್ದ ತಾಕು ಗಟ್ಟಿಯಾಗಿ ನಿಂತಿತು. ಹಾಗಾಗಿ ಚೀಲದ ಗೊಬ್ಬರ ಮುಟ್ಟಲೇಬೇಡಿ ಅಂತ ನಾನು ಹೇಳುವುದಿಲ್ಲ. ಇಂಗಾಲ ಮೊದಲು, ಚೀಲ ಆಮೇಲೆ.

ಮಣ್ಣನ್ನು ಲೋಟದಲ್ಲಿ ಹಾಕಿ ನೋಡಿ

ಲ್ಯಾಬಿಗೆ ಹೋಗುವ ಮುಂಚೆ ಮನೆಯಲ್ಲೇ ಆಗುವ ಪರೀಕ್ಷೆ ಇದು. ಹೊಲದಿಂದ ಗೋಲಿ ಗಾತ್ರದ ಒಂದು ಹೆಂಟೆ ತನ್ನಿ. ಬದುವಿನ ಮೇಲೆ, ವರ್ಷಗಟ್ಟಲೆ ಉಳದೆ ಹುಲ್ಲು ಬೆಳೆದ ಕಡೆಯಿಂದ ಅಷ್ಟೇ ಗಾತ್ರದ ಇನ್ನೊಂದು ತನ್ನಿ. ಎರಡನ್ನೂ ನೆರಳಲ್ಲಿ ಚೆನ್ನಾಗಿ ಒಣಗಿಸಿ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ, ಮೆಲ್ಲಗೆ ಒಂದೊಂದರಲ್ಲಿ ಒಂದೊಂದು ಬಿಡಿ. ಕಲಕಬೇಡಿ, ಸುಮ್ನೆ ನೋಡುತ್ತಾ ಕೂರಿ.

ನಮ್ಮ ಹೊಲದ ಹೆಂಟೆ ಒಂದು ನಿಮಿಷದೊಳಗೆ ಬಿರಿದು ಪುಡಿಯಾಗಿ ತಳ ಸೇರಿತು. ಬದುವಿನದು ಕಾಲು ಗಂಟೆ ಆದರೂ ಹಾಗೇ ಇತ್ತು. ಎರಡೂ ಒಂದೇ ಮಣ್ಣು, ನಡುವೆ ಇರುವುದು ಹತ್ತು ಅಡಿ. ಮಣ್ಣಿನ ಕಣವನ್ನು ಹಿಡಿದು ಅಂಟಿಸುವುದು ಕೊಳೆತ ಬೇರು, ಜೀವಾಣುಗಳ ಅಂಟು. ಅದು ಹೋದರೆ ಮಳೆ ಹನಿ ಬಿದ್ದ ಕೂಡಲೇ ಮಣ್ಣು ಪುಡಿಯಾಗಿ, ಮೇಲೆ ಹಪ್ಪಳದಂಥ ಪದರ ಕಟ್ಟಿ, ನೀರು ಇಂಗದೆ ಹರಿದುಹೋಗುತ್ತದೆ. ನನಗೆ ಹೊಲದ ಹಣೆಬರಹ ಅರ್ಥವಾದದ್ದು ಆ ಎರಡು ಲೋಟ ನೋಡಿದಾಗಲೇ.

ಇನ್ನು ಲ್ಯಾಬಿಗೆ ಮಣ್ಣು ತೆಗೆಯುವುದು. ಕೊಯ್ಲಾದ ಮೇಲೆ, ಹೊಸ ಗೊಬ್ಬರ ಹಾಕುವ ಮುಂಚೆ ತೆಗೆಯಬೇಕು. ಎಕರೆಯೊಳಗೆ ಅಡ್ಡಾದಿಡ್ಡಿ ನಡೆದು ಹತ್ತು ಹನ್ನೆರಡು ಕಡೆ ಗುರುತು ಮಾಡಿ. ಬದುವಿನ ಪಕ್ಕ, ಮರದ ನೆರಳು, ಹಿಂದೆ ತಿಪ್ಪೆ ಇದ್ದ ಜಾಗ, ನೀರು ನಿಲ್ಲುವ ತಗ್ಗು ಬೇಡ. ಮೇಲಿನ ಕಸ ಸರಿಸಿ, ಆರು ಇಂಚು ಆಳಕ್ಕೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಗುಂಡಿ ತೋಡಿ, ಅದರ ಒಂದು ಪಕ್ಕದಿಂದ ಮೇಲಿಂದ ಕೆಳಗಿನ ತನಕ ಒಂದಂಗುಲ ದಪ್ಪ ಕೆರೆಯಿರಿ. ಕಬ್ಬಿನ ಗದ್ದೆಯಾದರೆ ಇನ್ನೂ ಸ್ವಲ್ಪ ಆಳಕ್ಕೆ. ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಹಾಕಿ ಬೆರೆಸಿ. ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಎಸೆದು, ಉಳಿದದ್ದನ್ನು ಮತ್ತೆ ಬೆರೆಸಿ. ಅರ್ಧ ಕೆಜಿ ಉಳಿಯುವ ತನಕ ಹೀಗೇ ಮಾಡಿ. ಬಿಸಿಲಲ್ಲಿ ಬೇಡ, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಹಳೇ ಯೂರಿಯಾ ಚೀಲದಲ್ಲಿ ತುಂಬಿ ತಂದವರನ್ನು ನಾನೇ ನೋಡಿದ್ದೇನೆ, ಅದರ ಫಲಿತಾಂಶ ಏನಕ್ಕೂ ಬರುವುದಿಲ್ಲ. ಹೆಸರು, ಸರ್ವೆ ನಂಬರ್, ಮುಂದಿನ ಬೆಳೆ ಬರೆದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮಂಡ್ಯದವರಿಗೆ ವಿಸಿ ಫಾರಂ ಕೃಷಿ ಸಂಶೋಧನಾ ಕೇಂದ್ರ, ಮೈಸೂರಿನ ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಕೂಡ ಇದೆ.

ನಿಮ್ಮ ಹತ್ತಿರ ಮೊದಲೇ ಸರ್ಕಾರ ಕೊಟ್ಟ ಮಣ್ಣು ಆರೋಗ್ಯ ಕಾರ್ಡ್ ಇದ್ದರೂ ಒಮ್ಮೆ ಸ್ವಂತ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಿ. 2015ರಲ್ಲಿ ಆ ಯೋಜನೆ ಶುರುವಾದಾಗ ನೀರಾವರಿ ಜಮೀನಿನಲ್ಲಿ 2.5 ಹೆಕ್ಟೇರಿಗೆ ಒಂದು, ಬೆದ್ದಲಿನಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಕ್ರಮ ಇತ್ತು. 10 ಹೆಕ್ಟೇರ್ ಅಂದರೆ 25 ಎಕರೆ. ನಿಮ್ಮ ಕಾರ್ಡಿನಲ್ಲಿ ಇರುವುದು ಪಕ್ಕದವರ ಹೊಲದ ಮಣ್ಣಿನ ಲೆಕ್ಕವೂ ಆಗಿರಬಹುದು.

ಕಾರ್ಡ್ ಓದುವುದು

ಕಾರ್ಡಿನಲ್ಲಿ 12 ಸಾಲು ಇರುತ್ತವೆ. ನಾನು ಮೊದಲು ನೋಡುವುದು ಸಾವಯವ ಇಂಗಾಲವನ್ನು. ನೂರಕ್ಕೆ 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ರ ತನಕ ಮಧ್ಯಮ, ಅದರ ಮೇಲೆ ಒಳ್ಳೆಯದು. ಆಮೇಲೆ ರಸಸಾರ, ಅಂದರೆ ಪಿಎಚ್. 6.5ರಿಂದ 7.5ರ ಒಳಗಿದ್ದರೆ ಚಿಂತೆಯಿಲ್ಲ. ಕೆಂಪು ಬೆದ್ದಲಿಗೆ ವರ್ಷಗಟ್ಟಲೆ ಬರೀ ಯೂರಿಯಾ, ಡಿಎಪಿ ಬಿದ್ದರೆ ಅದು ಹುಳಿಯ ಕಡೆ ಜಾರುತ್ತದೆ. ನಾಲೆಯ ಬಯಲಿನಲ್ಲಿ ಉಲ್ಟಾ, 8.5 ದಾಟಿ ಹೋಗುವುದುಂಟು.

ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟು ಕೆಜಿ ಬೇಕು ಅಂತ ಅಲ್ಲಿ ಬರೆದಿರುತ್ತಾರೆ, ಆದರೆ ಅಂಗಡಿಯಲ್ಲಿ ಸಿಗುವುದು ಚೀಲ. ಅದನ್ನು ಹೊಂದಿಸುವುದು ಹೀಗೆ. ಎಕರೆಗೆ 20 ಕೆಜಿ ಸಾರಜನಕ, 16 ಕೆಜಿ ರಂಜಕ ಹೇಳಿದ್ದಾರೆ ಅಂದುಕೊಳ್ಳಿ. ಡಿಎಪಿಯಲ್ಲಿ ನೂರಕ್ಕೆ 46 ರಂಜಕ, 18 ಸಾರಜನಕ. 16 ಕೆಜಿ ರಂಜಕಕ್ಕೆ ಸುಮಾರು 35 ಕೆಜಿ ಡಿಎಪಿ ಬೇಕು, ಅದರ ಜೊತೆ 6 ಕೆಜಿಯಷ್ಟು ಸಾರಜನಕ ತಾನಾಗಿಯೇ ಬಂತು. ಉಳಿದ 14 ಕೆಜಿಗೆ ನೂರಕ್ಕೆ 46 ಸಾರಜನಕ ಇರುವ ಯೂರಿಯಾ 30 ಕೆಜಿ ಸಾಕು. ಒಂದು ಪೂರ್ತಿ ಚೀಲವೂ ಅಲ್ಲ, ಈಗಿನ ಚೀಲ 45 ಕೆಜಿ. ಆ 30 ಕೆಜಿಯನ್ನೂ ಒಂದೇ ಸಲ ಹಾಕಬೇಡಿ. ಅರ್ಧದಷ್ಟು ಬಿತ್ತನೆ ಹೊತ್ತಿಗೆ, ಉಳಿದದ್ದು ತಿಂಗಳಾದ ಮೇಲೆ, ಕಳೆ ತೆಗೆದು ಮಣ್ಣಲ್ಲಿ ಹದ ಇರುವಾಗ, ಸಾಲಿನ ಪಕ್ಕ ಬಿದ್ದು ಮಣ್ಣು ಮುಚ್ಚುವ ಹಾಗೆ. ಒಣಮಣ್ಣಿನ ಮೇಲೆ ಎರಚಿ ಮಳೆಗೆ ಕಾಯುವುದು ಬರೀ ದಂಡ.

ಗಂಧಕ, ಸತು, ಬೋರಾನ್ ಸಾಲುಗಳನ್ನು ಬಿಟ್ಟು ಕೆಳಗಿಳಿಯಬೇಡಿ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ಕರ್ನಾಟಕದ ಉದ್ದಗಲಕ್ಕೂ ಬೆದ್ದಲು ಮಣ್ಣು ಪರೀಕ್ಷೆ ಮಾಡಿದಾಗ ಈ ಮೂರರ ಕೊರತೆ ಎದ್ದು ಕಂಡಿತು. ಗಂಧಕಕ್ಕೆ ಡಿಎಪಿ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಿದರೆ ರಂಜಕದ ಜೊತೆಗೆ ಅದೂ ಸಿಗುತ್ತದೆ, ಇಲ್ಲದಿದ್ದರೆ ಜಿಪ್ಸಂ. ಸತುವಿಗೆ ಸತುವಿನ ಸಲ್ಫೇಟ್, ಆದರೆ ಅದನ್ನು ರಂಜಕದ ಗೊಬ್ಬರದ ಜೊತೆ ಬೆರೆಸಬೇಡಿ, ಎರಡೂ ಕಚ್ಚಿಕೊಂಡು ಗಿಡಕ್ಕೆ ಸಿಗದ ಹಾಗೆ ಆಗುತ್ತದೆ. ಬೋರಾನ್ ವಿಷಯದಲ್ಲಿ ಹುಷಾರು. ಸಾಲದಿದ್ದರೆ ಕಾಳು ಕಟ್ಟುವುದಿಲ್ಲ, ಸ್ವಲ್ಪ ಹೆಚ್ಚಾದರೂ ಗಿಡಕ್ಕೆ ವಿಷ. ಅದು ಕೆಜಿ ಲೆಕ್ಕದ ವಸ್ತು, ಚೀಲದ ಲೆಕ್ಕದ್ದಲ್ಲ.

ಬಲಗಡೆ ತುಂಬಿಸುವುದು

ದನ ಇದ್ದರೆ ಮೊದಲು ಗಂಜಲ ಹಿಡಿಯಿರಿ. ದನ ಹೊರಹಾಕುವ ಸಾರಜನಕದಲ್ಲಿ ಹೆಚ್ಚುಕಮ್ಮಿ ಅರ್ಧ ಗಂಜಲದಲ್ಲೇ ಹೋಗುತ್ತದೆ, ಪೊಟ್ಯಾಷಿನಲ್ಲಿ ಅದಕ್ಕಿಂತ ಹೆಚ್ಚು. ನಾವೋ ಸಗಣಿ ಬಾಚಿ ಗಂಜಲವನ್ನು ಚರಂಡಿಗೆ ಬಿಡುತ್ತೇವೆ. ಕೊಟ್ಟಿಗೆಯಲ್ಲಿ ಒಣ ಹುಲ್ಲು, ತರಗು, ಹೊಟ್ಟು ಹಾಸಿ. ಅದು ಗಂಜಲ ಕುಡಿದ ಮೇಲೆ ತಿಪ್ಪೆಗೆ ಹಾಕಿ. ತಿಪ್ಪೆಯನ್ನು ರಸ್ತೆ ಪಕ್ಕ ಬಿಸಿಲಿಗೆ ಗುಡ್ಡೆ ಹಾಕುವ ಬದಲು ಹೊಂಗೆ ಮರದ ನೆರಳಲ್ಲಿ ಮೂರಡಿ ಆಳದ ಗುಂಡಿ ಮಾಡಿ, ತುಂಬಿದ ಮೇಲೆ ಮಣ್ಣು ಮೆತ್ತಿ. ಹೊಲಕ್ಕೆ ಹೊಡೆದ ಗೊಬ್ಬರವನ್ನು ಸಣ್ಣ ಸಣ್ಣ ಗುಡ್ಡೆ ಮಾಡಿ ತಿಂಗಳುಗಟ್ಟಲೆ ಬಿಡುತ್ತೇವಲ್ಲ, ಅದನ್ನೂ ನಿಲ್ಲಿಸಬೇಕು. ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಿ. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ಸುಮಾರು 5 ಕೆಜಿ ಸಾರಜನಕ, ಅದನ್ನೂ ಬಿಸಿಲಿಗೆ ಕೊಟ್ಟರೆ ಏನು ಉಳಿಯುತ್ತದೆ?

ದನ ಇಲ್ಲದವರು ಕುರಿ ಮಂದೆ ಹಾಕಿಸಿ. ನಮ್ಮ ಅಜ್ಜಿ ಇದನ್ನೇ ಹೇಳುತ್ತಿದ್ದರು, "ಮಂದೆ ಕೂತ ಹೊಲ ಮೂರು ವರ್ಷ ಮಾತಾಡ್ತದೆ ಕಣಪ್ಪ" ಅಂತ. ಕುರಿಯವರಿಗೆ ದುಡ್ಡೋ ರಾಗಿಯೋ ಕೊಟ್ಟು ನಾಲ್ಕಾರು ರಾತ್ರಿ ಜಾಗ ಬದಲಿಸುತ್ತಾ ಕೂರಿಸಿದರೆ ಹಿಕ್ಕೆ, ಗಂಜಲ ಎರಡೂ ನೇರ ಮಣ್ಣಿಗೇ ಬೀಳುತ್ತವೆ, ಗಾಡಿ ಬಾಡಿಗೆಯೂ ಇಲ್ಲ. ಬೇಸಿಗೆಯಲ್ಲಿ ಊರ ಕೆರೆ ಹೂಳು ತೆಗೆದರೆ ಆ ಗೋಡನ್ನೂ ಬಿಡಬೇಡಿ. ನಮ್ಮೆಲ್ಲರ ಹೊಲದಿಂದ ಕೊಚ್ಚಿ ಹೋದ ಮೇಲ್ಮಣ್ಣೇ ಅದು. ಮರಳು ಮಣ್ಣಿಗೆ ಜೇಡಿ ಸೇರಿ ನೀರು ಹಿಡಿಯುವ ಶಕ್ತಿ ಬರುತ್ತದೆ. ಹೊಡೆಸುವ ಮುಂಚೆ ಅದರ ಉಪ್ಪಿನ ಅಂಶ ಪರೀಕ್ಷೆ ಮಾಡಿಸಿದರೆ ಒಳ್ಳೆಯದು.

ಹಸಿರು ಗೊಬ್ಬರಕ್ಕೆ ಭರಣಿ, ಕೃತ್ತಿಕೆ ಮಳೆ ಬೇಕು. ಮೇ ತಿಂಗಳಲ್ಲಿ ಒಂದು ಹದ ಸಿಕ್ಕ ಕೂಡಲೇ ಎಕರೆಗೆ 15ರಿಂದ 20 ಕೆಜಿ ಸೆಣಬು ಚೆಲ್ಲಿ, ಇಲ್ಲವೇ ಮನೆಯಲ್ಲಿರುವ ಹುರುಳಿ, ಅಲಸಂದೆಯಾದರೂ ಸರಿ. ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ ಉತ್ತು ಮುಚ್ಚಿ, ಎರಡು ವಾರ ಕೊಳೆಯಲು ಬಿಟ್ಟು, ಜುಲೈನಲ್ಲಿ ರಾಗಿ ಬಿತ್ತಿ. ಮಳೆ ಹಿಂದೆ ಸರಿದರೆ ಮಾತ್ರ ಹಟ ಹಿಡಿಯಬೇಡಿ. ಸೆಣಬೂ ನೀರು ಕುಡಿಯುತ್ತದೆ, ರಾಗಿಗೆ ಇರಬೇಕಾದ ಹದವನ್ನು ಅದೇ ಮುಗಿಸಿಬಿಡಬಾರದು. 30 ದಿನಕ್ಕೇ ಉತ್ತುಬಿಡಿ, ಸಿಕ್ಕಿದಷ್ಟು ಸಿಗಲಿ. ಇದಕ್ಕಿಂತ ನಂಬಿಕೆಯದು ಬದುವಿನ ಮೇಲೆ ನೆಟ್ಟ ಗೊಬ್ಬರದ ಗಿಡ, ಗ್ಲಿರಿಸಿಡಿಯಾ ಅನ್ನುತ್ತಾರೆ. ಮಳೆಗಾಲದಲ್ಲಿ ಕಡ್ಡಿ ಊರಿದರೆ ಸಾಕು. ಬೇರೂರಿದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಸವರಬಹುದು, ಬದುವೂ ಗಟ್ಟಿಯಾಗುತ್ತದೆ, ಹೊಲದಲ್ಲಿ ಜಾಗವನ್ನೂ ತಿನ್ನುವುದಿಲ್ಲ.

ಅಕ್ಕಡಿ, ಅಂದರೆ ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು, ಬಿಟ್ಟದ್ದು ನಾವು ಮಾಡಿದ ದೊಡ್ಡ ತಪ್ಪು ಅಂತ ನನಗೆ ಅನ್ನಿಸುತ್ತದೆ. ಹಿಂದೆ ರಾಗಿ ಹೊಲ ಅಂದರೆ ಬರೀ ರಾಗಿ ಅಲ್ಲ, ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಅಲ್ಲೊಂದು ಇಲ್ಲೊಂದು ಜೋಳ. ಕೊಯ್ಲಿನ ಯಂತ್ರಕ್ಕೆ ತೊಂದರೆ ಅಂತ ಎಲ್ಲ ತೆಗೆದುಬಿಟ್ಟೆವು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದರೆ ಯಂತ್ರಕ್ಕೂ ದಾರಿ ಇರುತ್ತದೆ. ತೊಗರಿಯ ಬೇರಿನ ಗಂಟು ಗಾಳಿಯ ಸಾರಜನಕ ಹಿಡಿಯುತ್ತದೆ, ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ರಂಜಕವನ್ನು ಹಿಡಿದು ಕೂತಿರುತ್ತದೆ, ರಾಗಿಗೆ ಅದನ್ನು ಬಿಡಿಸಿಕೊಳ್ಳಲು ಆಗುವುದಿಲ್ಲ. ತೊಗರಿಯ ಬೇರು ಒಂದು ಬಗೆಯ ಹುಳಿ ಬಿಟ್ಟು ಆ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಕಾಯಿ ಕೀಳುವ ಹೊತ್ತಿಗೆ ಎಲೆಯೆಲ್ಲ ಅಲ್ಲೇ ಉದುರಿರುತ್ತದೆ, ಆ ಸತ್ವ ಮುಂದಿನ ಬೆಳೆಗೆ ಸಿಗುತ್ತದೆ.

ಇಷ್ಟೆಲ್ಲ ಮಾಡಿ ಬದು ಮುರಿದಿದ್ದರೆ ಎಲ್ಲ ನೀರಿನ ಪಾಲು. ಇಳಿಜಾರಿಗೆ ಅಡ್ಡವಾಗಿ ಉಳಿ, ಅಡ್ಡವಾಗಿಯೇ ಬಿತ್ತಿ, ಒಡೆದ ಬದುವನ್ನು ಮುಂಗಾರಿಗೆ ಮುಂಚೆ ಕಟ್ಟಿ.

ನಾಲೆ ಬಯಲಿನ ಕಥೆ ಬೇರೆ

ಮಾವನ ಮನೆ ಮದ್ದೂರಿನ ಕಡೆ. ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಭತ್ತ. ಅಲ್ಲಿ ನೀರಿಗೆ ಬರ ಇಲ್ಲ ಅನ್ನುವುದೇ ತೊಂದರೆ. ಬಿಸಿಲಿನ ಸೀಮೆಯಲ್ಲಿ ಗದ್ದೆಗೆ ನೀರು ಕಟ್ಟುತ್ತಲೇ ಇದ್ದು, ಬಸಿಗಾಲುವೆ ಹೂತುಹೋಗಿದ್ದರೆ, ಕೆಳಗಿನ ನೀರು ಮೇಲೇರುತ್ತದೆ. ಬಿಸಿಲು ನೀರನ್ನು ಎಳೆದುಕೊಂಡು ಉಪ್ಪನ್ನು ಬಿಟ್ಟುಹೋಗುತ್ತದೆ. ಬೇಸಿಗೆಯಲ್ಲಿ ತಗ್ಗಿನ ಗದ್ದೆಯಲ್ಲಿ ಬೆಳ್ಳಗೆ ಕಾಣುವ ಚೌಳು ಅದೇ. ಅಲ್ಲಿ ಎಷ್ಟು ಗೊಬ್ಬರ ಹಾಕಿದರೂ ಬೇರು ಹೀರುವುದಿಲ್ಲ. ಮೊದಲು ಬಸಿಗಾಲುವೆ ಬಿಡಿಸಿ. ಪಿಎಚ್ 8.5 ದಾಟಿದ್ದರೆ ಪರೀಕ್ಷೆ ಹೇಳಿದಷ್ಟು ಜಿಪ್ಸಂ ಹಾಕಿ, ನೀರು ಕಟ್ಟಿ, ಬಸಿದುಬಿಡಿ. ಬಸಿಯದೆ ಜಿಪ್ಸಂ ಹಾಕಿದರೆ ಉಪ್ಪು ಅಲ್ಲೇ ಇರುತ್ತದೆ. ಆಲೆಮನೆಯ ಬೂದಿಯಲ್ಲಿ ಪೊಟ್ಯಾಷ್ ಇದೆ, ನಿಜ, ಆದರೆ ಅದು ಕ್ಷಾರ. ಅದನ್ನು ಹುಳಿ ಕಡೆ ಜಾರಿದ ಕೆಂಪು ಮಣ್ಣಿಗೆ ಹಾಕಿ, ಚೌಳಿಗೆ ಬೇಡ. ಯೂರಿಯಾ ಜೊತೆಗೋ ಹಸಿ ಸಗಣಿ ಜೊತೆಗೋ ಬೆರೆಸಲೂ ಬೇಡಿ, ಸಾರಜನಕ ಹಾರಿಹೋಗುತ್ತದೆ.

ಇನ್ನು ಕಬ್ಬಿನ ತರಗು. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ತರಗು ಗದ್ದೆಯಲ್ಲೇ ಉಳಿಯುತ್ತದೆ, ನಾವು ಕಡ್ಡಿ ಗೀರುತ್ತೇವೆ. ಅದರ ಸಾರಜನಕ, ಗಂಧಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಉಳಿದ ಪೊಟ್ಯಾಷನ್ನು ಗಾಳಿಯೋ ನೀರೋ ಒಯ್ಯುತ್ತದೆ. ಇದನ್ನು ಹೇಳಿದಾಗ ಮಾವ ಒಪ್ಪಲಿಲ್ಲ. "ಅಳಿಯಂದ್ರೇ, ತರಗು ಬಿಟ್ರೆ ಇಲಿ ಸೇರ್ಕತವೆ, ನೀರು ಕಟ್ಟಕ್ಕಾಗಲ್ಲ, ಕೂಳೆಗೆ ಗೊಬ್ಬರ ಕೊಡೋದೆಂಗೆ?" ಅಂದರು. ಕೂಳೆ ಅಂದರೆ ಇಲ್ಲಿ ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ, ಆಳೂ ಸಿಗುವುದಿಲ್ಲ. ಅದಕ್ಕೆ ಒಂದು ಮಧ್ಯದ ದಾರಿ ಮಾಡಿಕೊಂಡೆವು. ಒಂದು ಸಾಲು ಬಿಟ್ಟು ಒಂದು ಸಾಲಿಗೆ ತರಗು ಎಳೆದು ಹಾಸಿ, ಖಾಲಿ ಸಾಲಿನಲ್ಲಿ ನೀರು, ಗೊಬ್ಬರ. ತರಗಿನ ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್, ಸಗಣಿ ನೀರು ಚೆಲ್ಲಿದೆವು, ಬೇಗ ಕೊಳೆಯಲಿ ಅಂತ. ಬರೀ ತರಗು ಬಿಟ್ಟರೆ ಕೊಳೆಸುವ ಜೀವಾಣುಗಳೇ ಮಣ್ಣಿನ ಸಾರಜನಕವನ್ನು ತಿಂದು ಕೂಳೆ ಹಳದಿಯಾಗುತ್ತದೆ, ಇದನ್ನು ಮರೆಯಬೇಡಿ. ಮೊದಲ ಸಲ ಅರ್ಧ ಎಕರೆಯಲ್ಲಿ ಮಾತ್ರ ಮಾಡಿದೆವು. ಉಳಿದದ್ದನ್ನು ಮಾವ ಸುಟ್ಟರು.

ಎರಡನೇ ಕೂಳೆ ಕಡಿದ ಮೇಲೆ ನಾನು ಹೋದಾಗ ಜಗಲಿಯ ಮೇಲೆ ಎರಡು ಗಾಜಿನ ಲೋಟ ಇದ್ದವು. ಹೆಂಟೆಗಳನ್ನು ಮಾವನೇ ತಂದು, ನೆರಳಲ್ಲಿ ಒಣಗಿಸಿ, ನೀರಿಗೆ ಬಿಟ್ಟಿದ್ದರು. ಸುಟ್ಟ ಕಡೆಯದು ಕರಗಿ ಕೆಸರಾಗಿತ್ತು. ತರಗು ಹಾಸಿದ ಕಡೆಯದರ ಅಂಚು ಸ್ವಲ್ಪ ಉದುರಿತ್ತು, ನಡುಭಾಗ ಇನ್ನೂ ಹಾಗೇ ಕೂತಿತ್ತು. ಅವರು ಏನೂ ಹೇಳಲಿಲ್ಲ. ಆ ಸಲ ಕಬ್ಬು ಕಡಿಯುವವರಿಗೆ, ಯಾವ ಸಾಲಿಗೂ ಬೆಂಕಿ ಇಡಬೇಡಿ ಅಂತ ಮೊದಲೇ ಹೇಳಿಟ್ಟಿದ್ದರು.